ಕಡಲಿನ ಹುಡುಗಿಗೊಬ್ಬಳು ಅಭಿಮಾನಿ

ಫ್ರೇಮಿನಜ್ಜಿಗೆ ಇದ್ದದ್ದು ಒಂದೇ ಕೊರಗು. ಮನೆಯಲ್ಲಿ ಅಂಥ ಸುಂದರಿಯನ್ನು ಇಟ್ಟುಕೊಂಡಿದ್ದರೂ ಬಂದವರು ಯಾರೂ ಅವಳತ್ತ ಕಣ್ಣೆತ್ತಿ ನೋಡುವುದಿಲ್ಲ. (ಬರುವವರೇ ಇಲ್ಲ ಎಂಬುದು ಬೇರೆ ಮಾತು.)

ಸುಂದರಿ ಗೋಡೆಯ ಮೇಲಿದ್ದಳು. ಇನ್ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಬರೆದ ಕಡಲಿನ ಹುಡುಗಿ. ಯಾವುದೋ ಹಳೆಯ ಪುರಾಣದ ಪ್ರಕಾರ ಸಮುದ್ರರಾಜನ ಮಗಳಂತೆ. ಅಜ್ಜಿಯ ಗಂಡನ ಅಂಗಡಿಗೆ ಫ್ರೇಮು ಹಾಕಲು ಕೊಟ್ಟವರು ವಾಪಸು ಬರಲೇ ಇಲ್ಲ. ಅಂಗಡಿ ಮುಚ್ಚಿದ ದಿನ ಅವನು ಅದನ್ನು ಮನೆಗೆ ತಂದು ನೇತುಹಾಕಿದ. ಅವನೂ ಹೋದ ಮೇಲೆ ಉಳಿದವರು ಇವರಿಬ್ಬರೇ.

ಗೆರೆಗಳು ಎಷ್ಟು ನವಿರೆಂದರೆ, ಜೋರಾಗಿ ಸೀನಿದರೆ ಹಾರಿಹೋದಾಳು. ಬಂಡೆಯ ಮೇಲೆ ಕೂತು ಒಂದು ಕಾಲನ್ನು ನೀರಿಗೆ ಇಳಿಬಿಟ್ಟಿದ್ದಾಳೆ. ಆ ಕಾಲು ಎಲ್ಲಿ ಮುಗಿಯಿತು, ಅಲೆ ಎಲ್ಲಿ ಶುರುವಾಯಿತು, ಅಜ್ಜಿಗೆ ಇವತ್ತಿಗೂ ಗೊತ್ತಾಗಿಲ್ಲ. ಬರೆದವನು ಪೆನ್ಸಿಲು ಒತ್ತಿರುವುದು ಕಣ್ಣಿನ ರೆಪ್ಪೆಯ ಹತ್ತಿರ ಮಾತ್ರ. ಯಾರೋ ಕರೆದರೇನೋ ಎಂದು ಕತ್ತು ತಿರುಗಿಸಿದ್ದಾಳೆ. ಅಜ್ಜಿಗೂ ಎಷ್ಟೋ ಸಲ ಹಾಗೇ ಆಗುತ್ತದೆ. ಎದ್ದು ಬಾಗಿಲು ತೆಗೆದರೆ ಗಾಳಿ.

ಹೀಗಿರುವಾಗ ಮಹಡಿಗೆ ಬಾಡಿಗೆಗೆ ಬಂದ ಬಟ್ಟೆ ಅಂಗಡಿ ಹುಡುಗಿ, ಕೆಲಸಕ್ಕೆ ಹೊರಡುವಾಗ ಬೀಗದ ಕೈ ಕೊಟ್ಟು ಹೋಗಲು ಬಂದವಳು ಚಿತ್ರದ ಮುಂದೆ ನಿಂತೇಬಿಟ್ಟಳು. ಕತ್ತು ಆ ಕಡೆ ಈ ಕಡೆ ವಾಲಿಸಿದಳು, ಹತ್ತಿರ ಹೋದಳು, ಹಿಂದೆ ಸರಿದಳು. ಮರುದಿನವೂ ಅದೇ. ಅಜ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು. ಈ ಮಹಾ ಕಲಾರಸಿಕೆಗೆಂದು ದಿನವೂ ಚಹಾ ಕಾಯಿಸತೊಡಗಿದಳು.

"ಹೇಗೆ ಕಾಣ್ತಿದೆ ಮಗಳೇ?"

"ಮುಖ ಸ್ವಲ್ಪ ಸೊರಗಿದೆ ಅಜ್ಜಿ. ಕಣ್ಣೂ ಊದಿದೆ."

ಇನ್ನೂರು ವರ್ಷ ಸಮುದ್ರ ನೋಡುತ್ತ ಕೂತರೆ ಊದದೆ ಇರುತ್ತದೆಯೇ? ಇಷ್ಟು ದಿನ ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅಜ್ಜಿ ಬೆರಗಾದಳು. "ನಿದ್ದೆ ಇಲ್ಲ ಅಂತ ಕಾಣುತ್ತೆ."

"ಹೂಂ, ರಾತ್ರಿಯೆಲ್ಲಾ ಸೆಕೆ."

(ಸಮುದ್ರದ ಹತ್ತಿರ ಸೆಕೆ ಇದ್ದರೂ ಇರಬಹುದು. ಅಜ್ಜಿ ಎಂದೂ ಹೋದವಳಲ್ಲ.)

ಗಾಜಿನ ಹೊಳಪಿಗೆ ಪಾಪ ಸರಿಯಾಗಿ ಕಾಣುತ್ತಿಲ್ಲ, ಅದಕ್ಕೇ ಅಷ್ಟು ಹತ್ತಿರ ಹೋಗುತ್ತಾಳೆ ಎಂದು ಅಜ್ಜಿಗೆ ಕರುಣೆ ಉಕ್ಕಿತು. ಗಂಡನ ಇಕ್ಕಳ ಹುಡುಕಿ, ಫ್ರೇಮಿನ ಹಿಂದಿನ ಮೊಳೆ ಕಿತ್ತು, ಗಾಜು ತೆಗೆದು ಮಂಚದಡಿ ತಳ್ಳಿದಳು.

ಬೆಳಿಗ್ಗೆ ಹುಡುಗಿ ಬಂದಳು, ನಿಂತಳು. ಹಣೆಯ ಕೂದಲಿಗೆ ಹೊರಟ ಕೈ ಅರ್ಧದಲ್ಲೇ ನಿಂತಿತು.

"ಅಯ್ಯೋ, ಗಾಜು ಒಡೆದುಹೋಯ್ತಾ ಅಜ್ಜಿ? ದಿನಾ ಇದರಲ್ಲೇ ತಲೆ ಸರಿಮಾಡ್ಕೊಂಡು ಹೋಗ್ತಿದ್ದೆ. ನನ್ನ ಹತ್ರ ಇರೋದು ಅಂಗೈಯಷ್ಟು ಕನ್ನಡಿ. ಪಾಪ, ಹಿಂದಿನ ಮಾಸಲು ಕಾಗದ ಮಾತ್ರ ಉಳಿದಿದೆ."

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ರಸಿಕೆ ರಸ್ತೆಯಲ್ಲಿದ್ದಳು. ಚಹಾ ಮುಟ್ಟಿರಲಿಲ್ಲ. ಇನ್ನು ಇವಳು ಬೀಗದ ಕೈಯನ್ನೂ ಚೀಲದಲ್ಲೇ ಇಟ್ಟುಕೊಂಡು ಹೋದರೆ? ಅಜ್ಜಿಗೆ ದಿನವಿಡೀ ಅದೇ ಚಿಂತೆ.

ಸಂಜೆ ಹುಡುಗಿ ದೊಡ್ಡ ಕನ್ನಡಿಯೊಂದನ್ನು ತಬ್ಬಿಕೊಂಡು ಬಂದಳು. "ಅಂಗಡೀಲಿ ಹಳೇದು ತೆಗೀತಿದ್ರು. ನಿಮಗೇ ಇರಲಿ ಅಂತ ಕೇಳಿ ತಂದೆ." ಸುಂದರಿಯನ್ನು ಇಳಿಸಿ ಕುರ್ಚಿಯ ಮೇಲೆ ಕೂರಿಸಿ, ಗೋಡೆಯ ಅದೇ ಮೊಳೆಗೆ ಕನ್ನಡಿ ತಗುಲಿಸಿದಳು. "ಹೇಗಿದೆ ಅಜ್ಜಿ?"

ಬೇಡವೆಂದರೆ ನಾಳೆ ಬರುವವರಾರು? "ತುಂಬಾ ಚೆನ್ನಾಗಿದೆ," ಎಂದಳು ಅಜ್ಜಿ.

ಮರುದಿನ ಹುಡುಗಿ ತಲೆ ಬಾಚುತ್ತಿದ್ದವಳು ಕನ್ನಡಿಯಲ್ಲೇ ಕಣ್ಣು ಕಿರಿದು ಮಾಡಿ ಕೇಳಿದಳು, "ಅಜ್ಜಿ, ನಿಮ್ಮ ಪಕ್ಕದ ಕುರ್ಚೀಲಿ ಯಾರೋ ಹುಡುಗಿ ಕೂತ ಹಾಗಿದೆಯಲ್ಲ, ಯಾರವಳು?"

ಎಷ್ಟೋ ಕಾಲದಿಂದ ಕಾದ ಪ್ರಶ್ನೆ. ಎಲ್ಲಿಂದ ಶುರುಮಾಡಲಿ ಎಂದು ಅಜ್ಜಿ ತಡವರಿಸುತ್ತಿರುವಾಗಲೇ ಬಸ್ಸಿನ ಹಾರನ್ನು ಕೇಳಿಸಿತು.

"ನಾಳೆ ಹೇಳಿ ಅಜ್ಜಿ, ಮರೀಬೇಡಿ."

ಅಂದು ಅಜ್ಜಿ ಪಾತ್ರೆ ತೊಳೆಯುತ್ತ, ಕಸ ಗುಡಿಸುತ್ತ ಮಾತು ಜೋಡಿಸಿಕೊಂಡಳು. ಬೆಳಗಾದೊಡನೆ ಎರಡು ಲೋಟ ಚಹಾ ಸೋಸಿ, ಬಾಗಿಲು ತೆರೆದಿಟ್ಟು ಕೂತಳು. ಮಹಡಿಯಲ್ಲಿ ಸದ್ದಿಲ್ಲ. ಚಹಾ ಆರಿದ ಮೇಲೆ ನೆನಪಾಯಿತು: ಭಾನುವಾರ. ಅಂಗಡಿಗೆ ರಜೆ, ಹುಡುಗಿಗೆ ನಿದ್ದೆ, ತಲೆ ಬಾಚುವ ಅವಸರವಿಲ್ಲ.

ಅಜ್ಜಿ ಎರಡನೆಯ ಲೋಟವನ್ನೂ ತಾನೇ ಕುಡಿದು, ಪಕ್ಕದ ಕುರ್ಚಿಯತ್ತ ತಿರುಗಿದಳು.

"ನಿನ್ನ ವಿಚಾರವೇ. ನೀನೇ ಕೇಳಮ್ಮ."