ಆರದ ಹೂದಾನಿ

ಲೋವೆಲ್ ಪ್ರಿಂಟ್ಜ್ ಮಾಡಿದ ತಪ್ಪು ಒಂದೇ. ನಲವತ್ತು ವರ್ಷ ಹರಾಜು, ಸಂತೆ ಸುತ್ತಿ ಕೂಡಿಸಿದ್ದ ಮೂವತ್ತೆರಡು ಹೂದಾನಿಗಳನ್ನು ಕೊಟ್ಟು ಒಂದೇ ಒಂದನ್ನು ಮನೆಗೆ ತಂದ. ಓಹಾಯೋದ ಕುಂಬಾರಿಕೆಯ ಊರು ಝೇನ್ಸ್‌ವಿಲ್‌ನಲ್ಲಿ ಮಣ್ಣಿನ ಪಾತ್ರೆಯ ಹುಚ್ಚಿಲ್ಲದವನೇ ಹುಚ್ಚ; ಆದರೂ ಇದು ಸ್ವಲ್ಪ ಅತಿಯಾಯಿತು.

ಕಣ್ಣು ಮುಚ್ಚಿಕೊಂಡೇನೂ ತಂದಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ದನಿ ಬಂತು. ಬುಡ ಮಗುಚಿ ಭೂತಗನ್ನಡಿ ಹಿಡಿದ. ಅರವತ್ತು ವರ್ಷದ ಹಿಂದೆ ಸುಟ್ಟುಹೋದ ಕಾರ್ಖಾನೆಯ ಮುದ್ರೆ, ಹೂ ಬರೆದವಳ ಹೆಸರಿನ ಎರಡಕ್ಷರ, ಎಲ್ಲವೂ ಸರಿಯಾಗಿದ್ದವು. ಮಾರಿದವನ ಮುಖವನ್ನು ಮಾತ್ರ ನೋಡುವುದು ಮರೆತಿದ್ದ.

ಅದೇ ಬೆಳಿಗ್ಗೆ ಹತ್ತಕ್ಕೆ ಹೂದಾನಿ 'ಟಿಣ್' ಎಂದಿತು. ಯಾರೂ ಮುಟ್ಟಿರಲಿಲ್ಲ. ಸೇಬಿನ ಕಡುಬು ಹಿಡಿದು ಬಂದಿದ್ದ ಪಕ್ಕದ ಮನೆ ಡಾರ್ಲಾ ಬಾಗಿಲಲ್ಲೇ ನಿಂತಳು.

"ಏನೋ ಅದು ಸದ್ದು?"

"ಇಲಿ ಇರ್ಬೇಕು ಬಿಡೇ."

'ಟಿಣ್. ಟಿಣ್.'

"ಇಲಿ ಗೆಜ್ಜೆ ಕಟ್ಕೊಂಡು ಓಡಾಡುತ್ತಾ? ಸತ್ತೋರ ಸಾಮಾನು ತರಬೇಡ ಅಂತ ಎಷ್ಟು ಬಡ್ಕೊಂಡೆ! ಮೊದ್ಲು ತಣ್ಣೀರಲ್ಲಿ ಇಡು ಅದನ್ನ."

ಸ್ನಾನದ ತೊಟ್ಟಿಯಲ್ಲಿಟ್ಟರೆ ಸದ್ದು ದುಪ್ಪಟ್ಟಾಯಿತು. "ಫ್ರಿಜ್ಜಿಗೆ ಹಾಕು, ಚಳಿಗೆ ಹೆದರ್ಕೊಂಡು ಓಡಿಹೋಗತ್ತೆ," ಎಂದಳು ಡಾರ್ಲಾ. ಒಳಗಿನಿಂದ ಅರ್ಧ ಗಂಟೆ ಯಾರೋ ಹಲ್ಲು ಕಟಕಟಿಸಿದಂತೆ ಕೇಳಿಸಿತು. ಬಾಗಿಲು ತೆರೆದರೆ ಪಕ್ಕದಲ್ಲಿದ್ದ ಬೆಣ್ಣೆ ಕರಗಿ ಹರಿದಿತ್ತು. ಡಾರ್ಲಾ ಕಡುಬನ್ನೂ ಬಿಟ್ಟು ಓಡಿದಳು. ಲೋವೆಲ್ ಓಡುವಂತಿರಲಿಲ್ಲ. ನಲವತ್ತು ವರ್ಷದ ಗಳಿಕೆಯೆಲ್ಲ ಈಗ ಈ ಒಂದು ಪಾತ್ರೆಯಲ್ಲಿತ್ತು.

ಕಂಬಳಿ ಸುತ್ತಿ, ಕಾರಿನಲ್ಲಿ ಬೆಲ್ಟು ಬಿಗಿದು, ಇಡಾ ಅಜ್ಜಿಯ ಮನೆಗೆ ಒಯ್ದ. ಆ ಕಾರ್ಖಾನೆಯಲ್ಲಿ ಹೂ ಬರೆಯುತ್ತಿದ್ದ ಹುಡುಗಿಯರಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ಕಣ್ಣು ಹೋಗಿತ್ತು, ಕಿವಿ ಚುರುಕಾಗಿತ್ತು. ಕೇಳಿದವಳೇ ಬೊಚ್ಚುಬಾಯಲ್ಲಿ ನಕ್ಕಳು.

"ದೆವ್ವ ಅಂತೆ, ದೆವ್ವ! ಭಟ್ಟಿಯಿಂದ ತೆಗೆದ ಪಾತ್ರೆ ಆರೋವಾಗ ಮೇಲಿನ ಮೆರುಗು ಸೀಳು ಬಿಡತ್ತೆ ಕಣೋ, ಅದೇ ಸದ್ದು. ಇದು ಇವತ್ತೇ ತೆಗೆದ ಮಾಲು."

"ಅಂದ್ರೆ... ನಕಲಿಯಾ ಅಜ್ಜಿ?" ಎಂದ ಲೋವೆಲ್. ದೆವ್ವವೇ ಆಗಿದ್ದರೆ ಎಷ್ಟೋ ವಾಸಿಯಿತ್ತು.

ಅಜ್ಜಿ ಹೂಗಳ ಮೇಲೆ ಬೆರಳಾಡಿಸಿದಳು. ಬುಡದ ಎರಡಕ್ಷರ ಸಿಕ್ಕಿದೊಡನೆ ನಗು ನಿಂತಿತು.

"ಇದು ನನ್ನ ಕೈ. ನನ್ನ ಮದುವೆಗೆ ಅಂತ ನಾನೇ ಬರೆದಿದ್ದು. ಭಟ್ಟಿ ಕಾಯೋ ಕಾರ್ಲ್, ನನ್ನ ಮದುವೆ ಗಂಡು, ಇದನ್ನ ಒಳಗಿಟ್ಟ ದಿನಾನೇ ಬೆಂಕಿ ಬಿತ್ತು. 'ಆರಿದ ಮೇಲೆ ತಂದ್ಕೊಡ್ತೀನಿ' ಅಂದೋನು ಆಚೆಗೇ ಬರಲಿಲ್ಲ." ಅವಳು ಲೋವೆಲ್‌ನತ್ತ ಮುಖ ತಿರುಗಿಸಿದಳು. "ಮಾರಿದೋನು ಹೇಗಿದ್ದ ಮಗಾ?"

"ಮುಖ ನೋಡಲಿಲ್ಲ ಅಜ್ಜಿ. ಮೈಯೆಲ್ಲ ಹೊಗೆ ವಾಸನೆ." ಹೇಳಿದ ಮೇಲೆ ಆ ವಾಸನೆಯ ಅರ್ಥ ಲೋವೆಲ್‌ಗೆ ಹೊಳೆಯಿತು. ಆದರೂ ಆಸೆ ಬಿಡಬೇಕಲ್ಲ. "ಹಾಗಾದ್ರೆ ಇದು ಅಸಲಿ!"

"ಅಸಲೀನೇ. ಅದಕ್ಕೇ ಇದು ನಂದು." ಅಜ್ಜಿ ಹೂದಾನಿಯನ್ನು ಮಡಿಲಿಗೆ ಎಳೆದುಕೊಂಡಳು. ಸದ್ದು ಥಟ್ಟನೆ ನಿಂತಿತು.

"ಅಜ್ಜೀ, ನನ್ನ ಮೂವತ್ತೆರಡು..." ಎನ್ನುತ್ತ ಲೋವೆಲ್ ಕೈ ಚಾಚಿ, ಚುರ್ರೆಂದು ಹಿಂದಕ್ಕೆಳೆದುಕೊಂಡ. ಹೂದಾನಿ ಕೆಂಡದಂತೆ ಸುಡುತ್ತಿತ್ತು. ಅಜ್ಜಿ ಮಾತ್ರ ಅದಕ್ಕೆ ಕೆನ್ನೆ ಒತ್ತಿ, ಬೆಚ್ಚಗೆ ಕುಳಿತಿದ್ದಳು.

ಲೋವೆಲ್ ಸುಟ್ಟ ಬೆರಳು ಚೀಪುತ್ತ ಖಾಲಿ ಕಪಾಟಿನ ಮನೆಗೆ ಹೊರಟ.