ಅಂಟಿನ ಕಾರ್ಖಾನೆಯಲ್ಲಿ ಪಾಣಿಗ್ರಹಣ

"ಇವತ್ತು ಸಂಜೆಯೊಳಗೆ ಹೆಂಡತಿಯ ಕೈ ಹಿಡಿಯದಿದ್ದರೆ ನಾನು ಪಿ.ಟಿ. ಮೇಷ್ಟ್ರೇ ಅಲ್ಲ!"

ಚನ್ನರಾಯಪಟ್ಟಣದ ಶಾಂತರಾಜು ಮೇಷ್ಟ್ರು ಬಚ್ಚಲುಮನೆಯ ಕನ್ನಡಿಗೆ ಹೀಗೊಂದು ಸವಾಲು ಹಾಕಿದರು. ಒಮ್ಮೆ ಪೀಪಿ ಊದಿದರೆ ಮುನ್ನೂರು ಮಕ್ಕಳನ್ನು ಗರುಡಗಂಬದಂತೆ ನಿಲ್ಲಿಸುವ ಗಂಡುಗಲಿ! ಆದರೆ ರಂಜಿನಿಯ ಕೈ ಹಿಡಿಯುವುದು? ಹದಿನೆಂಟು ವರ್ಷದ ಹಿಂದೆ ಪಾಣಿಗ್ರಹಣವೇನೋ ಆಗಿತ್ತು. ಆಮೇಲೆ ಪಾಣಿ ಹೋಗಿ ಬರೀ ಗ್ರಹಣ ಉಳಿದಿತ್ತು!

ರಂಜಿನಿಯದು ಸೀರೆಗೆ ಕುಚ್ಚು ಕಟ್ಟುವ ಅಂಗಡಿ. ಮಣಿ, ಮುತ್ತು, ದಾರ, ಅಂಟು ಎಲ್ಲವನ್ನೂ ಮಾರುತ್ತಾಳೆ. ಅವಳ ಎರಡು ಕೈಯೂ ಸದಾ ಯಾರದೋ ಸೆರಗಿಗೆ ಮೀಸಲು. ಸಂಜೆ ಮೇಷ್ಟ್ರು ಕಾಫಿ ಒಯ್ದರೆ ಲೋಟವನ್ನೂ ಅವರೇ ಅವಳ ತುಟಿಗೆ ಹಿಡಿಯಬೇಕು. ಇಬ್ಬರ ಶೃಂಗಾರವೆಲ್ಲ ಆ ಅರ್ಧ ಲೋಟದಲ್ಲೇ ಮುಗಿಯುತ್ತಿತ್ತು. "ಬೇಗ ಹಿಡೀರಿ, ದಾರ ಸಡ್ಲ ಆಗುತ್ತೆ" ಅನ್ನುವುದೇ ಅವಳ ಪ್ರೇಮಸಲ್ಲಾಪ.

ಅಂಥದ್ದರಲ್ಲಿ ಬಂತು ಬಹುಮಾನ! ತಾಲ್ಲೂಕಿಗೇ ಹೆಚ್ಚು ಸಾಮಾನು ಮಾರಿದ್ದಕ್ಕೆ ಅದನ್ನು ತಯಾರಿಸುವ ಕಂಪನಿಯವರ ಖರ್ಚಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪ್ರವಾಸ. ಮೇಷ್ಟ್ರು ಸಿಂಗಪುರ ಅಂದುಕೊಂಡರು. ನೋಡಿದರೆ ಹಾಸನ! ಮುಕ್ಕಾಲು ಗಂಟೆಯ ದಾರಿ, ಕಂಪನಿಯದೇ ಕಾರ್ಖಾನೆ ನೋಡುವುದು, ಮಧ್ಯಾಹ್ನ ಊಟ. ಆದರೇನು, ಇಡೀ ದಿನ ಅಂಗಡಿಗೆ ಬೀಗ, ರಂಜಿನಿಯ ಕೈ ಖಾಲಿ! ಮೇಷ್ಟ್ರಿಗೆ ಅಷ್ಟೇ ಸಾಕಿತ್ತು.

ಬೇರೆ ಅಂಗಡಿಯವರೂ ಜೋಡಿಯಾಗಿ ಬಂದಿದ್ದ ವ್ಯಾನಿನಲ್ಲೇ ಮೊದಲ ಸೋಲು. ಹೆಂಗಸರೆಲ್ಲ ಮುಂದೆ, ಗಂಡಸರೆಲ್ಲ ಹಿಂದೆ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ತಾನಾಗಿಯೇ ಹಾಗಾಯಿತು. ಶಾಂತಿಗ್ರಾಮ ದಾಟಿ ಹಾಸನ ಬರುವವರೆಗೂ ಮೇಷ್ಟ್ರು ನಾಲ್ಕು ಸೀಟಿನಾಚೆಯಿಂದ ಹೆಂಡತಿಯ ಜಡೆ ನೋಡುತ್ತ ಕುಳಿತರು.

ಕಾರ್ಖಾನೆಯಲ್ಲಿ ಶೋಭಿತಾ ಎಂಬ ಕಂಪನಿಯ ಹುಡುಗಿ ಎಲ್ಲ ತೋರಿಸಿದಳು. ಮಣಿ ಉದುರಿಸುವ ಯಂತ್ರ, ದಾರಕ್ಕೆ ಬಣ್ಣ ಹಾಕುವ ದೊಡ್ಡ ದೊಡ್ಡ ಹಂಡೆ, ಆಮೇಲೆ ಒಂದು ಕೋಣೆಯ ತುಂಬ ರೇಷ್ಮೆ ದಾರದ ಲಡಿಗಳು. ರಂಜಿನಿ ಒಂದು ಲಡಿ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಆ ಮುಖವನ್ನು ಮೇಷ್ಟ್ರು ಮದುವೆಯ ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ರೀ, ಈ ನೇರಳೆ ನೋಡ್ರೀ! ಮುಟ್ಟಿ ನೋಡ್ರೀ!"

ಮೇಷ್ಟ್ರು ಕೈ ಚಾಚಿದರು. ಅಷ್ಟರಲ್ಲಿ ಅವಳು ಹಸಿರಿನ ಹತ್ತಿರ ಹೋಗಿಯಾಗಿತ್ತು. ಒಂದು ದಾರವನ್ನು ಕಂಡು ಗಂಡಸಿಗೆ ಇಷ್ಟು ಹೊಟ್ಟೆ ಉರಿಯಬಹುದೆಂದು ಅವರಿಗೆ ಅವತ್ತೇ ಗೊತ್ತಾದದ್ದು!

ಕೊನೆಗೆ ಸಿನಿಮಾ. 'ನಂಟು ಬೆಳೆಸುವ ಅಂಟು' ಅಂತ ಕಂಪನಿಯದೇ ಹತ್ತು ನಿಮಿಷದ ಚಿತ್ರ. ಎಲ್ಲರಿಗೂ ಹೊಸ ಅಂಟಿನ ಒಂದೊಂದು ಟ್ಯೂಬು ಹಂಚಿ ದೀಪ ಆರಿಸಿದರು. ಕತ್ತಲು! ಪಕ್ಕದ ಕುರ್ಚಿಯಲ್ಲೇ ರಂಜಿನಿ! ಗಾಬರಿಗೆ ಮೇಷ್ಟ್ರ ಬೆರಳು ಟ್ಯೂಬಿನ ಮುಚ್ಚಳ ತಿರುಗಿಸಿಯೇ ತಿರುಗಿಸಿತು. ಮುಚ್ಚಳ ಕೆಳಗೆ ಬಿತ್ತು. ಮೇಷ್ಟ್ರು ಕುರ್ಚಿಯಡಿ ತಲೆ ತೂರಿಸಿ ತಡಕಾಡಿದರು. ಸಿಗಲಿಲ್ಲ. ಟ್ಯೂಬನ್ನೂ ಅಲ್ಲೇ ಬಿಟ್ಟು ಮೇಲೆದ್ದು ಕುಳಿತರು. ಅಂಗೈ ಒದ್ದೆಯಾಗಿತ್ತು. ಬೆವರು ಅಂದುಕೊಂಡರು. ಒನ್, ಟೂ, ತ್ರೀ ಎಂದು ಮನಸ್ಸಿನಲ್ಲೇ ಎಣಿಸಿ, ಪಕ್ಕದ ಕೈಯನ್ನು ಮೇಲಿನಿಂದ ಹಿಡಿದೇಬಿಟ್ಟರು!

ಎಷ್ಟು ಒರಟು ಕೈ! ಕುಚ್ಚು ಕಟ್ಟಿ ಕಟ್ಟಿ ಹೀಗಾಯಿತಲ್ಲ, ಇಷ್ಟು ವರ್ಷ ಒಮ್ಮೆಯಾದರೂ ಹಿಡಿದು ನೋಡಲಿಲ್ಲವಲ್ಲ ಎಂದು ಮೇಷ್ಟ್ರ ಕಣ್ಣು ತೇವವಾಯಿತು. ಇನ್ನಷ್ಟು ಬಿಗಿಯಾಗಿ ಹಿಡಿದರು.

ದೀಪ ಹತ್ತಿತು. ಪಕ್ಕದಲ್ಲಿ ಅರಕಲಗೂಡು ಕಡೆಯ ಮಲ್ಲಿಪಟ್ಟಣದ ಸ್ಟೇಷನರಿ ಅಂಗಡಿಯ ರುದ್ರಯ್ಯ ಕುಳಿತು, ಅವರನ್ನೇ ಮಿಕಿಮಿಕಿ ನೋಡುತ್ತಿದ್ದ!

ಆಗಿದ್ದಿಷ್ಟೇ. ಮೇಷ್ಟ್ರ ತಲೆ ಕುರ್ಚಿಯಡಿ ಇದ್ದಾಗ ತಡವಾಗಿ ಬಂದ ರುದ್ರಯ್ಯ, "ಎಂಗಸ್ರು ಒಂದ್ ಕಡೀಕಿರ್ಲಿ" ಅಂದಿದ್ದ. ರಂಜಿನಿ ಎರಡು ಕುರ್ಚಿ ಆಚೆ ಸರಿದಳು, ಅವಳ ಪಕ್ಕಕ್ಕೆ ರುದ್ರಯ್ಯನ ಹೆಂಡತಿ ಮುದ್ದಮ್ಮ ಕುಳಿತಳು, ಖಾಲಿಯಾದ ಕುರ್ಚಿಗೆ ರುದ್ರಯ್ಯ ಬಂದ.

"ಅಲ್ಲಾ ಸಾ, ಕತ್ಲಲ್ಲಿ ನನ್ ಕೈ ಯಾಕಿಡ್ಕಂಡ್ರಿ?"

"ಅದು... ಟೈಮ್ ಎಷ್ಟಾಯ್ತು ನೋಡೋಣ ಅಂತ..."

"ನಾನು ವಾಚೇ ಕಟ್ಟಕಿಲ್ವಲ್ಲ ಸಾ!"

ಮೇಷ್ಟ್ರು ಕೈ ಎಳೆದರು. ಬರಲಿಲ್ಲ. ರುದ್ರಯ್ಯ ಎಳೆದ.

"ಅಯ್ಯಯ್ಯೋ, ಚರ್ಮ ಕಿತ್ಕಂಡ್ ಬತ್ತದೆ! ಬುಡಿ ಸಾ!"

"ನಾನು ಬಿಟ್ಟು ಆಯ್ತು ಕಣಪ್ಪ! ಅಂಟು ಬಿಡ್ತಿಲ್ಲ!"

ಮುದ್ದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಪ್ಪತ್ತೈದು ವರ್ಸದಾಗೆ ನನ್ ಕೈ ಒಂದಿನಾನೂ ಇಡ್ದಿಲ್ಲ ಈವಯ್ಯ. ಇಲ್ನೋಡು, ಬಂದ್ ಜಾಗದಲ್ಲಿ ಎಂಗ್ ಕುಂತವ್ನೆ!"

ಶೋಭಿತಾ ಓಡಿಬಂದಳು. "ಬಿಡಿಸೋದು ಹೆಂಗಮ್ಮಾ?" ಎಂದು ಮೇಷ್ಟ್ರು ಗೋಗರೆದರು.

"ಸಾರಿ ಸರ್, ನಮ್ದು ಅಂಟಿಸೋ ಕಂಪನಿ ಸರ್!" ಅಂದವಳ ಮುಖದಲ್ಲಿ ಗಾಬರಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಅಷ್ಟರಲ್ಲಿ ಮೈಕು ಕೂಗಿತು: "ಚನ್ನರಾಯಪಟ್ಟಣದ ರಂಜಿನಿ ದಂಪತಿ ಸನ್ಮಾನಕ್ಕೆ ಬರಬೇಕು!" ಮೇಷ್ಟ್ರು ಹೋದರು. ರುದ್ರಯ್ಯ ಹೋಗದೆ ಏನು ಮಾಡುತ್ತಾನೆ? ಕಂಪನಿಯ ದೊಡ್ಡವರು ಹಿಂದೆ ಮುಂದೆ ನೋಡದೆ ಒಂದೇ ಶಾಲನ್ನು ಇಬ್ಬರಿಗೂ ಹೊದಿಸಿ, ಹಾರ ಹಾಕಿ, ಸುಖವಾಗಿ ಬಾಳಿ ಎಂಬಂತೆ ಕೈಮುಗಿದರು! ರಂಜಿನಿ ಫೋಟೋದ ಅಂಚಿನಲ್ಲಿ ಹುಡುಗನ ಕಡೆಯ ನೆಂಟರಂತೆ ನಿಂತಿದ್ದಳು.

"ಯಾರೂ ಎಳೀಬೇಡಿ. ಇಬ್ರೂ ಇಲ್ಲಿ ಕೂತ್ಕೊಳ್ಳಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ರಂಜಿನಿಯೇ ಮುಂದೆ ಬಂದಳು. ದಿನಾ ಅಂಟಿನ ಜೊತೆ ಗುದ್ದಾಡುವವಳು! ಕ್ಯಾಂಟೀನಿನಿಂದ ಬಿಸಿನೀರು, ಸೋಪು, ಒಂದು ಚಮಚ ಎಣ್ಣೆ ತರಿಸಿದಳು. ಸಂದಿಯಲ್ಲಿ ಪೆನ್ಸಿಲ್ ಉರುಳಿಸುತ್ತ, ಕೂದಲೆಳೆಯಷ್ಟೇ ಬಿಡಿಸುತ್ತ ಬಿಡಿಸುತ್ತ ರುದ್ರಯ್ಯನನ್ನು ಬಿಡುಗಡೆ ಮಾಡಿದಳು. ಅವನು ಕೈಯನ್ನು ಎದೆಗೆ ಒತ್ತಿಕೊಂಡು, ತಿರುಗಿಯೂ ನೋಡದೆ ಅರಕಲಗೂಡಿನ ವ್ಯಾನು ಹತ್ತಿದ.

ಮೇಷ್ಟ್ರ ಎರಡು ಬೆರಳು ಮಾತ್ರ ಒಂದಕ್ಕೊಂದು ಕಚ್ಚಿಕೊಂಡೇ ಇದ್ದವು.

"ದಾರೀಲಿ ಬಿಡಿಸ್ತೀನಿ, ಬನ್ನಿ" ಅಂದಳು ರಂಜಿನಿ. ಹೆಂಗಸರ ಸಾಲು ಬಿಟ್ಟು ಅವರ ಪಕ್ಕದಲ್ಲೇ ಕುಳಿತಳು! ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು!

ಅವಳ ಕೈ ಒರಟಾಗಿರಲಿಲ್ಲ. ಬೆರಳ ತುದಿಯಲ್ಲಷ್ಟೇ ದಾರ ಕೊರೆದ ಸಣ್ಣ ಸಣ್ಣ ಗೆರೆಗಳಿದ್ದವು. ಹದಿನೆಂಟು ವರ್ಷದಲ್ಲಿ ಮೇಷ್ಟ್ರು ಅವನ್ನು ನೋಡಿದ್ದು ಇದೇ ಮೊದಲು. ಕಿಟಕಿಯಾಚೆ ಆಲೂಗಡ್ಡೆ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಈ ವ್ಯಾನು ಚನ್ನರಾಯಪಟ್ಟಣದಲ್ಲಿ ನಿಲ್ಲುವುದನ್ನು ಮರೆತು ಬೆಂಗಳೂರಿಗೇ ಹೋಗಿಬಿಡಬಾರದೆ ಎಂದು ಮೇಷ್ಟ್ರು ಉಸಿರು ಬಿಗಿಹಿಡಿದು ಕುಳಿತರು.

"ಹಾಂ, ಬಿಡ್ತು ನೋಡಿ."

"ಕಿರುಬೆರಳು ಇನ್ನೂ ಅಂಟ್ಕೊಂಡಂಗಿದೆ ಕಣೇ..."

ಕಿರುಬೆರಳಿಗೆ ಅಂಟು ಸೋಕಿಯೇ ಇರಲಿಲ್ಲ. ರಂಜಿನಿ ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಕೈ ಮಾತ್ರ ಬಿಡಲಿಲ್ಲ.

"ರೀ, ನನ್ ಕೈ ಬೇಕಿದ್ರೆ ನನ್ನೇ ಕೇಳ್ಬಾರ್ದಾಗಿತ್ತಾ? ಪಾಪ, ಆ ರುದ್ರಯ್ಯನೋರ ಕೈ ಮೇಲೆ ಒಂದ್ ಕೂದ್ಲೂ ಉಳೀಲಿಲ್ಲ!"