ಗುರುವಾರ ಒಪ್ಪಿದ ವಿಧವೆ ಶನಿವಾರ ಒಲ್ಲೆನೆಂದ ಬಗ್ಗೆ

ನೆಯಾಫು, ವಾವಾಊ ದ್ವೀಪ
ಜುಲೈ 1973, ಮಂಗಳವಾರ

ನಮ್ಮೂರ ಸಿನಿಮಾ ಮನೆಯಲ್ಲಿ ಪರದೆಯ ಪಕ್ಕದ ಎತ್ತರದ ಕುರ್ಚಿಯನ್ನು ಅಲಂಕರಿಸಿ, ಪರದೆಯ ಬೆಳಕಿಗೆ ಬೋಳು ನೆತ್ತಿ ಮಿನುಗಿಸುತ್ತ, ಮೈಕು ಹಿಡಿದು, ಇಂಗ್ಲಿಷ್ ಚಿತ್ರಗಳ ಕಥೆಯನ್ನು ನಮ್ಮ ತೋಂಗಾ ಮಾತಿನಲ್ಲಿ ಸಭೆಗೆ ತಿಳಿಸಿಹೇಳುವ ಶ್ರೀಮಾನ್ ಲಿಸಿಯಾತೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ನಾನು ಕ್ಷೇಮವಾಗಿದ್ದೇನೆ, ತಮ್ಮ ಗಂಟಲೂ ಕ್ಷೇಮವಾಗಿದೆಯೆಂದು ನಂಬಿದ್ದೇನೆ. ಆ ಗಂಟಲೊಂದು ಕಟ್ಟಿತೆಂದರೆ ಪರದೆಯ ಮೇಲೆ ಯಾರು ಯಾರಿಗೆ ಯಾಕೆ ಗುಂಡು ಹೊಡೆಯುತ್ತಿದ್ದಾರೆಂಬುದು ಈ ಊರಿನ ಒಂದು ನರಪಿಳ್ಳೆಗೂ ತಿಳಿಯದೆ ಹೋದೀತು. ತಮ್ಮ ಸೇವೆಗೆ ಊರಿಗೆ ಊರೇ ಋಣಿಯಾಗಿದೆ. ಆ ಋಣವನ್ನು ಹೊತ್ತುಕೊಂಡೇ ಈ ದೂರನ್ನು ಬರೆದು ಸಿನಿಮಾ ಮನೆಯ ಬಾಗಿಲ ಹಲಗೆಗೆ ಅಂಟಿಸುತ್ತಿರುವವಳು ಕಲೊಲೈನೆ, ಅಂದರೆ ಹಡಗುಕಟ್ಟೆಯ ಮೇಲಿನ ಓಣಿಯ ವಿಧವೆ, ದೋಣಿ ನಡೆಸುವ ಸೆಮಿಸಿಯ ತಂಗಿ. ತಮಗೆ ನನ್ನ ಗುರುತು ಹೇಳಬೇಕಾಗಿಲ್ಲವೆಂದು ಬಲ್ಲೆ. ಹಲಗೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿರುವ ಮಿಕ್ಕವರಿಗಾಗಿ ಹೇಳಿದೆ.

ತಮ್ಮ ಪ್ರತಿಭೆಯನ್ನು ನಾಲ್ಕು ಮಾತು ಹೊಗಳದೆ ನೇರ ದೂರಿಗೆ ಇಳಿಯುವುದು ಮರ್ಯಾದೆಯಲ್ಲ. ಪರದೆಯ ಮನುಷ್ಯ ಎರಡೇ ಶಬ್ದ ಆಡಿ ಸುಮ್ಮನಾದರೆ ತಾವು ಅದನ್ನು ಅವನ ಕುದುರೆ ಬೆಟ್ಟ ದಾಟುವವರೆಗೆ ಎಳೆದು, ಅವನ ತಾಯಿಯ ಊರು, ಅವನಿಗೆ ಬರಬೇಕಾಗಿದ್ದ ಜಮೀನು, ಅವನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಸಂಗತಿ, ಎಲ್ಲವನ್ನೂ ನಮಗೆ ಮುಟ್ಟಿಸುತ್ತೀರಿ. ಗಂಡುಹೆಣ್ಣು ತುಟಿಗೆ ತುಟಿ ಸೇರಿಸುವ ಹೊತ್ತಿಗೆ, ಸಭೆಯಲ್ಲಿ ಅಪ್ಪಿತಪ್ಪಿ ಅಣ್ಣತಂಗಿಯರು ಒಟ್ಟಿಗೆ ಕುಳಿತುಬಿಟ್ಟಿದ್ದರೆ ಅವರ ಮಾನ ಹೋಗಬಾರದೆಂದು, "ಅಯ್ಯೋ ಪಾಪ, ಅವಳ ಕಣ್ಣಿಗೆ ಮರಳು ಬಿತ್ತು, ಊದ್ತಾ ಇದಾನೆ ನೋಡ್ರಪ್ಪ" ಎಂದು ತಾವು ಕೂಗುವುದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಅಮೆರಿಕದ ಮನೆಗಳ ಒಳಗೆ ಇಷ್ಟೊಂದು ಮರಳು ಹೇಗೆ ಹಾರುತ್ತದೆಂದು ನಮ್ಮ ಫಿಫಿತಾ ಅಜ್ಜಿ ಇವತ್ತಿಗೂ ಕೇಳುತ್ತಾರೆ.

ಇನ್ನು ದೂರು. ಒಂದೇ ಚಿತ್ರ ಗುರುವಾರವೂ ಶನಿವಾರವೂ ಓಡುವುದು ಯಾಕೆಂದು ಎಲ್ಲರಿಗೂ ಗೊತ್ತು. ನಮ್ಮ ದ್ವೀಪಗಳ ಕಟ್ಟಳೆಯಂತೆ ತಂಗಿಯಿರುವ ಕಡೆ ಅಣ್ಣ ಸಿನಿಮಾಕ್ಕೆ ಕೂರುವಂತಿಲ್ಲ, ಅಣ್ಣನಿರುವ ಕಡೆ ತಂಗಿ ತಲೆ ಹಾಕುವಂತಿಲ್ಲ. ಆದ್ದರಿಂದ ಪ್ರತಿ ಮನೆಯೂ ತನ್ನೊಳಗೇ ದಿನ ಹಂಚಿಕೊಂಡಿದೆ. ನಮ್ಮ ಬೇಲಿಯೊಳಗಿನ ಎರಡು ಮನೆಗಳಲ್ಲಿ ನನ್ನದು ಗುರುವಾರ, ಅಣ್ಣ ಸೆಮಿಸಿ ಮತ್ತು ಅತ್ತಿಗೆ ಲಾವೀನಿಯಾರದು ಶನಿವಾರ. ನೋಡಿದ್ದನ್ನು ಕೂತು ಅರೆಯುವುದು ಸೋಮವಾರ: ಗಂಡಸರು ಬೇರು ಅರೆದು ಕದಡಿದ ಕಾವಾ ಪಾನೀಯದ ಬೋಗುಣಿಯ ಸುತ್ತ, ಹೆಂಗಸರು ನಾರುಬಟ್ಟೆಯ ಉದ್ದ ಹಲಗೆಯ ಎರಡೂ ಬದಿಗೆ, ಬಡಿದ ತೊಗಟೆಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಬಣ್ಣ ತಿಕ್ಕುತ್ತ. ಯಾವ ನಾಯಕ ಗಂಡಸು, ಯಾವ ನಾಯಕ ಬರೀ ಟೋಪಿ ಎಂಬುದೆಲ್ಲ ಅಲ್ಲಿ ತೀರ್ಮಾನವಾದ ಮೇಲೆ ಊರಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ.

ಹೋದ ವಾರದ ಕುದುರೆ ಸವಾರನ ಚಿತ್ರಕ್ಕೆ ಬರೋಣ. ಗುರುವಾರ ತಾವು ದಯಪಾಲಿಸಿದ ಕಥೆಯಲ್ಲಿ ಒಬ್ಬ ವಿಧವೆ ಇದ್ದಳು. ಅವಳ ಗಂಡ ಎಂಟು ವರ್ಷದ ಹಿಂದೆ ದೋಣಿ ಮಗುಚಿ ತೀರಿಕೊಂಡಿದ್ದ, ಅವಳು ಅಣ್ಣನ ಬೇಲಿಯೊಳಗೆ ಬೇರೆ ಮನೆ ಮಾಡಿಕೊಂಡಿದ್ದಳು. ಕಣ್ಣು ಹಾಯುವಷ್ಟು ದೂರಕ್ಕೆ ಒಂದು ತೊಟ್ಟು ನೀರು ಕಾಣದ ಮರುಭೂಮಿಯಲ್ಲಿ ದೋಣಿ ಹೇಗೆ ಮಗುಚಿತೆಂದು ನಾವ್ಯಾರೂ ಕೇಳಲಿಲ್ಲ. ಅಲ್ಲಿಗೆ ಬಂದ ಸವಾರ, ತಾವು ಹೇಳಿದಂತೆ, "ಸ್ವಲ್ಪ ಬೊಕ್ಕತಲೆ, ಆದ್ರೆ ಒಳ್ಳೆ ಕಂಠ". ಪರದೆಯ ಮೇಲೆ ಅವನ ಕೂದಲು ಭುಜದವರೆಗೆ ಇಳಿಬಿದ್ದಿತ್ತೆಂಬುದು ಬೇರೆ ಮಾತು. ಅವನು ಟೋಪಿ ತೆಗೆದು, "ಕೆಸುವಿನೆಲೆಯಲ್ಲಿ ತೆಂಗಿನಹಾಲು ಹಾಕಿ ನೀವು ಸುಡೋ ಮಾಂಸ ಒಂದ್ಸಲ ತಿಂದೆ, ಅವತ್ತಿಂದ ನಂಗೆ ಬೇರೆ ಯಾರ ಮನೆ ಊಟವೂ ರುಚಿಸ್ತಿಲ್ಲ" ಎಂದ. ಅವಳು ತಲೆ ತಗ್ಗಿಸಿ, "ಆಗ್ಲಿ, ಬರ್ತೀನಿ" ಎಂದಳು, ಕುದುರೆ ಹತ್ತಿದಳು, ಗುರುವಾರದ ಹೆಂಗಸರೆಲ್ಲ ಸೆರಗಿಲ್ಲದಿದ್ದರೂ ಸಿಕ್ಕಿದ್ದರಲ್ಲಿ ಕಣ್ಣೊರೆಸಿಕೊಂಡೆವು.

ಅದೇ ಚಿತ್ರ, ಅದೇ ಕುದುರೆ, ಅದೇ ಹೆಂಗಸು. ಆದರೆ ಶನಿವಾರ ಎರಡನೇ ಸಾಲಿನಲ್ಲಿ, ಎರಡು ಕುರ್ಚಿ ತುಂಬಿಕೊಂಡು, ನನ್ನ ಅಣ್ಣ ಸೆಮಿಸಿ ಕುಳಿತಿದ್ದ. ಅದೇ ವಿಧವೆ ಅದೇ ತಲೆ ತಗ್ಗಿಸಿ, "ನಂಗೆ ನಮ್ಮಣ್ಣನೇ ಸಾಕು, ಅವನ ಬೇಲಿ ಬಿಟ್ಟು ಸತ್ತರೂ ಆಚೆ ಕಾಲಿಡಲ್ಲ" ಎಂದುಬಿಟ್ಟಳಂತೆ! ಮತ್ತೆ ಕುದುರೆ ಹತ್ತಿದ್ದು ಯಾಕೆಂದರೆ, ಸವಾರ ಅವಳನ್ನು ಮರ್ಯಾದೆಯಾಗಿ ಅಣ್ಣನ ಮನೆಗೆ ಬಿಟ್ಟುಬರಲು ಹೊರಟಿದ್ದನಂತೆ. ಎರಡು ರಾತ್ರಿಗೆ ಎರಡು ಕಥೆ ಹೆಣೆದ ತಮ್ಮ ಚಾತುರ್ಯಕ್ಕೆ ದೊಡ್ಡ ನಮಸ್ಕಾರ.

ನಿನ್ನೆ ಸೋಮವಾರ ಆದದ್ದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ನನ್ನ ಅಣ್ಣನ ಮಗಳ ಮದುವೆಗೆಂದು ನಾರುಬಟ್ಟೆ ಹಾಸಿ ಹನ್ನೆರಡು ಜನ ಕುಳಿತಿದ್ದೆವು. ಅತ್ತಿಗೆ ಲಾವೀನಿಯಾ ಬಣ್ಣದ ಉಂಡೆ ಕೈಗೆತ್ತಿಕೊಂಡವಳೇ, "ಎಂಥಾ ಹೆಂಗಸು ಕಣ್ರೇ ಅವಳು! ಬಂದ ಗಂಡನ್ನ ಬಾಗಿಲಿಂದ್ಲೇ ಕಳಿಸಿದ್ಳಲ್ಲ. ನಮ್ಮನೆಯವರಂತೂ ದಾರಿಯುದ್ದ ಮೂಗು ಸೀಟಿದ್ರು" ಎಂದು ಶುರು ಮಾಡಿದರು. ಎದುರು ಬದಿಯ ಸೇಯಿನಿ, ಅವಳೂ ನನ್ನಂತೆ ಗುರುವಾರದವಳು, "ಎಲ್ಲಿ ಕಳಿಸಿದ್ಳು? ಒಪ್ಕೊಂಡು ಕುದುರೆ ಹತ್ತಿದ್ಳು! ಸಿನಿಮಾ ನೋಡಿದ್ಯೋ ನಿದ್ದೆ ಹೊಡೆದ್ಯೋ?" ಎಂದಳು. "ನಿದ್ದೆ ನಿಮ್ಮಪ್ಪಂಗೆ!" ಎಂದು ಲಾವೀನಿಯಾ ಎದ್ದರು. ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಆ ಬದಿಯವರು ಬಟ್ಟೆಯನ್ನು ಆ ಕಡೆ ಎಳೆದರು, ಈ ಬದಿಯವರು ಈ ಕಡೆ ಎಳೆದರು, ಹಾಳೆ ಪರ್ರನೆ ಹರಿಯಿತು.

ಅಣ್ಣತಮ್ಮಂದಿರೆಲ್ಲ ತೀರಿಹೋಗಿರುವುದರಿಂದ ಎರಡೂ ದಿನ ನೋಡುವ ಭಾಗ್ಯವಿರುವವರು ಫಿಫಿತಾ ಅಜ್ಜಿ ಒಬ್ಬರೇ. ಅವರು ಪಂಚಾಯಿತಿ ಮಾಡಿದರು: "ಜಗಳ ಯಾಕ್ರೇ? ಗುರುವಾರ ಒಪ್ಪಿದ್ಲು, ಶನಿವಾರ ಮನಸ್ಸು ಬದಲಾಯ್ಸಿದ್ಲು. ಹೆಣ್ಣು ಅಂದ್ಮೇಲೆ ಎರಡು ದಿನ ಯೋಚ್ನೆ ಮಾಡೋದು ಬೇಡ್ವಾ?" ಅಲ್ಲಿಗೇ ನಿಲ್ಲಿಸಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿ, "ಅಲ್ಲಾ, ದೋಣಿ ಮಗುಚಿ ಸತ್ತ ಗಂಡ, ಅಣ್ಣನ ಬೇಲಿಯೊಳಗೆ ಮನೆ, ಕೈಯಲ್ಲಿ ರುಚಿ... ಏನೇ ಕಲೊಲೈನೆ, ಅಮೆರಿಕಕ್ಕೆ ಯಾವಾಗ ಹೋಗಿದ್ದೆ?" ಎಂದುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಯಾರೂ ಕೇಳದಿದ್ದರೂ ಕೆಸುವಿನೆಲೆ ತರಬೇಕೆಂದು ಎದ್ದು ಹೊರಟೆ. ಬೆನ್ನ ಹಿಂದೆ ಹನ್ನೊಂದು ಜನ ನಕ್ಕಿದ್ದು ಹಡಗುಕಟ್ಟೆಯವರೆಗೆ ಕೇಳಿಸಿತು.

ಈಗ ತಮಗೆ ಮಾತ್ರ ಹೇಳಬೇಕಾದ ಒಂದು ಸಂಗತಿಯನ್ನು ಊರೆದುರೇ ಹೇಳುತ್ತೇನೆ. ಮದುವೆಗೆ ಮುಂಚೆ ಆಕ್ಲೆಂಡಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಆರು ವರ್ಷ ದುಡಿದು ಬಂದವಳು ನಾನು, ನನಗೆ ಇಂಗ್ಲಿಷ್ ಬರುತ್ತದೆ. ಆ ಚಿತ್ರದಲ್ಲಿ ವಿಧವೆಯೇ ಇಲ್ಲ, ಮಾನ್ಯರೇ. ಆ ಹೆಂಗಸು ಕುದುರೆಗಳ್ಳಿ. ಸವಾರ ಟೋಪಿ ತೆಗೆದು ಹೇಳಿದ್ದು, "ಇಲ್ಲಿ ಬಾವಿ ಎಲ್ಲಿದೆ?" ಅಂತ. ಅವಳು ತಲೆ ತಗ್ಗಿಸಿ ಹೇಳಿದ್ದು, "ಚೀಲ ಕೆಳಗಿಡು, ಇಲ್ಲದಿದ್ದರೆ ಗುಂಡು ಹೊಡೆಯುತ್ತೇನೆ" ಅಂತ. ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ, ಗುರಿ ನೋಡಲು. ಎಂಟು ವರ್ಷಗಳಿಂದ ಪ್ರತಿ ಗುರುವಾರ ಇದನ್ನೆಲ್ಲ ಕೇಳಿಯೂ ನಾನು ತುಟಿ ಬಿಚ್ಚಲಿಲ್ಲ, ಯಾಕೆಂದರೆ ಮೂಲದ ಕಥೆಗಿಂತ ತಮ್ಮದೇ ಚೆನ್ನಾಗಿರುತ್ತಿತ್ತು. ಇದು ಮುಖಸ್ತುತಿಯಲ್ಲ.

ಆದ್ದರಿಂದ ನನಗೆ ಸಿಟ್ಟು ಬಂದಿರುವುದು ತಮ್ಮ ಸುಳ್ಳಿನ ಮೇಲಲ್ಲ. ಸುಳ್ಳನ್ನಾದರೂ ಎರಡು ದಿನ ಒಂದೇ ಹೇಳುವ ಎದೆ ತಮಗಿಲ್ಲವಲ್ಲ ಎಂದು ಸಿಟ್ಟು. ತಂಗಿಯೆದುರು ಒಂದು, ಅಣ್ಣನೆದುರು ಇನ್ನೊಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ತಾವು ಕುರ್ಚಿಯಿಂದ ಇಳಿದು ಹೋದಿರಿ. ಅಣ್ಣ ಮಾತ್ರ ಶನಿವಾರದ ಕಥೆಯನ್ನು ದೇವರ ವಾಕ್ಯವೆಂದು ನಂಬಿದ್ದಾನೆ. "ನಮ್ಮ ಕಲೊಲೈನೆನೂ ಅದೇ ಥರದವಳು, ಎಲ್ಲಿಗೂ ಹೋಗಲ್ಲ. ಅವಳಿಗೊಂದು ಗಟ್ಟಿ ಮನೆ ಕಟ್ಟಿಕೊಡ್ತೀನಿ" ಎಂದು ಕಾವಾ ಕುಡಿಯುತ್ತ ಎಲ್ಲರೆದುರು ಮಾತು ಕೊಟ್ಟುಬಿಟ್ಟಿದ್ದಾನೆ. ಶುಕ್ರವಾರದ ಹಡಗಿನಲ್ಲಿ ಮರ ಬರುತ್ತದೆ. ಒಮ್ಮೆ ಅವನು ಕಂಬ ನೆಟ್ಟನೆಂದರೆ, ಅಷ್ಟು ಪ್ರೀತಿಯಿಂದ ಕಟ್ಟಿದ ಮನೆ ಬಿಟ್ಟು ನಾನು ಬೇಲಿ ದಾಟುವುದು ಅವನ ಮುಖಕ್ಕೆ ಹೊಡೆದಂತೆ. ನನ್ನಿಂದ ಅದು ಆಗದು. ಎಂಟು ವರ್ಷ ಒಬ್ಬಳೇ ಉಂಡಿದ್ದೇನೆ. ಗುರುವಾರ ಕತ್ತಲಲ್ಲಿ ಆ ಬೊಕ್ಕತಲೆಯವನ ಮಾತು ಕೇಳಿದಾಗ ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಟ್ಟು ಏನಾಗಬೇಕು?

ಕಾರಣ, ತಾವು ದಯವಿಟ್ಟು ಆ ಚಿತ್ರವನ್ನು ಹೊತ್ತೊಯ್ದ ಹಡಗನ್ನು ನಡುಸಮುದ್ರದಲ್ಲೇ ತಿರುಗಿಸಿ ತರಿಸಿ, ಅಣ್ಣನನ್ನು ಎರಡನೇ ಸಾಲಿನಲ್ಲಿ ಕೂರಿಸಿ, ಆ ಹೆಂಗಸು ಶನಿವಾರ ಆಡಿದ ಮಾತನ್ನು ಅವಳ ಬಾಯಿಂದಲೇ ವಾಪಸು ತೆಗೆಸಬೇಕು. ಅವಳು ಒಪ್ಪದಿದ್ದರೆ ಕುದುರೆಯಾದರೂ ಮುಂದೆ ಬಂದು, "ಸೆಮಿಸಣ್ಣಾ, ಅವತ್ತು ಬಾಯಿ ತಪ್ಪಿ ಹಂಗಂದ್ಲು" ಎಂದು ಸಾಕ್ಷಿ ನುಡಿಯಬೇಕು. ಇದು ಕಷ್ಟವೆನಿಸಿದರೆ ಇದಕ್ಕಿಂತ ಸುಲಭದ ದಾರಿ ಒಂದಿದೆ, ಆದರೆ ತಮ್ಮಂಥ ಮಾತುಗಾರರಿಗೆ ಅದೇ ಹೆಚ್ಚು ಕಷ್ಟವಾದೀತು. ಮೈಕು ಕೆಳಗಿಟ್ಟು, ಒಂದು ಒಳ್ಳೆಯ ಕಾವಾ ಬೇರು ಹೊತ್ತುಕೊಂಡು, ಶುಕ್ರವಾರದ ಹಡಗು ಬರುವ ಮೊದಲು ಹಗಲು ಹೊತ್ತಿನಲ್ಲಿ ಅಣ್ಣನ ಬಾಗಿಲಿಗೆ ಬನ್ನಿ. ಈ ಪತ್ರ ಅವನಿಗೆ ವಿಷಯ ತಿಳಿಸಿಬಿಡುತ್ತದೆಂದು ಮೈಗಳ್ಳತನ ಮಾಡಬೇಡಿ. ತಂಗಿಯ ಇಂಥ ಸಂಗತಿಗೆ ಅಣ್ಣ ಕಣ್ಣು ಹಾಕುವಂತಿಲ್ಲ; ಅವನು ಹಲಗೆಗೆ ಬೆನ್ನು ತಿರುಗಿಸಿ ನಿಂತು, "ಏನು ಬರೆದಿದ್ದಾಳೆ?" ಎಂದು ಅತ್ತಿಗೆಯನ್ನು ಕೇಳುತ್ತಾನೆ, ಅತ್ತಿಗೆ ಶನಿವಾರದ ಪಕ್ಷದವರು.

ತಮ್ಮ ಮಾತಿನ ಮೇಲೆ ಅಲ್ಲದಿದ್ದರೂ ಕಂಠದ ಮೇಲೆ ಭರವಸೆಯಿಟ್ಟಿರುವ,

ತಮ್ಮ ವಿಶ್ವಾಸಿ,
ಕಲೊಲೈನೆ

ಮರೆತ ಮಾತು: ಹೆಣ್ಣು ಕೇಳಲು ಬರುವವರು ತಮ್ಮ ಪರವಾಗಿ ಮಾತಾಡಲು ಹಿರಿಯರೊಬ್ಬರನ್ನು ಕರೆತರುವುದು ವಾಡಿಕೆ, ಧಾರಾಳವಾಗಿ ಕರೆತನ್ನಿ, ಆದರೆ ತಾವು ಹೇಳಿದ್ದನ್ನೇ ಹೇಳುವವರನ್ನು ನೋಡಿ ಆರಿಸಿ. ಅಣ್ಣ ಅತ್ತಿಗೆಯ ಕೈಲಿ ನನ್ನ ಅಭಿಪ್ರಾಯ ಕೇಳಿ ಕಳಿಸುತ್ತಾನೆ, ನಾನು ಒಳಗಿನಿಂದ ಅವನಿಗೆ ಕೇಳಿಸುವಂತೆ "ಹೂಂ" ಎನ್ನುತ್ತೇನೆ. ಅದನ್ನು ಸಭೆಗೆ ತಿಳಿಸಿಹೇಳುವ ತೊಂದರೆ ತಾವು ತೆಗೆದುಕೊಳ್ಳುವುದು ಬೇಡ.